ಬಂದ ಕೋಚು, ಹೋದ ಕೋಚು, ರಂಗೆಲಣ್ಣನ ಬಸ್ಸು

ಡ್ಯಾನ್ಯೂಬ್ ನದಿ ದಂಡೆಯ ನಮ್ಮೂರು ಬೆಲೊಬ್ರೆಗ್‌ನಲ್ಲಿ ಫುಟ್ಬಾಲ್ ಗೊತ್ತಿಲ್ಲದವನು ಒಬ್ಬನೂ ಇಲ್ಲ. ಎಣ್ಣೆ ಮಿಲ್ಲಿನಲ್ಲಿ ಸೂರ್ಯಕಾಂತಿ ಮೂಟೆಗೆ ಚೀಟಿ ಅಂಟಿಸುವ, ಸಂಬಳವನ್ನು ತಿಂಗಳ ಕೊನೆತನಕ ಎಳೆಯಲೂ ಬಾರದ ನಮ್ಮಂಥವರಿಗೂ ಹನ್ನೊಂದು ಜನ ಹೇಗೆ ಆಡಬೇಕೆಂಬುದು ಮಾತ್ರ ಅಂಗೈ ನೆಲ್ಲಿಕಾಯಿ. ಶನಿವಾರ ತಂಡ ಸೋತರೆ ಸೋಮವಾರ ಮಿಲ್ಲಿನ ಗೇಟಿನಲ್ಲೇ ಕೋಚನ್ನು ಕೆಲಸದಿಂದ ತೆಗೆದುಬಿಡುತ್ತೇವೆ. ಕ್ಲಬ್ಬಿನ ಅಧ್ಯಕ್ಷ ಗ್ರಿಗೊರೊವ್ ಸಹಿ ಹಾಕುವುದು ಬುಧವಾರ, ಅಷ್ಟೇ ವ್ಯತ್ಯಾಸ.

ಆಮೇಲಿನ ಕೆಲಸ ರಂಗೆಲ್‌ನದು.

ರಂಗೆಲ್ ಕ್ಲಬ್ಬಿನ ಬಸ್ ಡ್ರೈವರ್. ಕ್ಲಬ್ಬಿಗೆ ಬೇರೆ ವಾಹನವಿಲ್ಲ. ಹಾಗಾಗಿ ಹೊಸ ಕೋಚನ್ನು ಸೋಫಿಯಾದ ವಿಮಾನ ನಿಲ್ದಾಣದಿಂದ ಕರೆತರುವುದೂ, ಹಳಬನನ್ನು ಅಲ್ಲಿಗೇ ಬಿಟ್ಟುಬರುವುದೂ ಆ ಇಡೀ ಬಸ್ಸಿನಲ್ಲೇ. ಬರುವಾಗ ಎಲ್ಲರೂ ಮುಂದಿನ ಸೀಟಿನಲ್ಲಿ ಕೂತು ಊರು ಹೇಗೆ ಎಂದು ಕೇಳುತ್ತಾರೆ. ಹೋಗುವಾಗ ಕೊನೇ ಸೀಟು ಹಿಡಿಯುತ್ತಾರೆ. ರಂಗೆಲ್ ಸಮಾಧಾನ ಹೇಳುವವನಲ್ಲ. ದಾರಿಯಲ್ಲಿ ನಿಲ್ಲಿಸಿ ಬಿಸಿಬಿಸಿ ಬನಿತ್ಸ ಕೊಡಿಸುತ್ತಾನೆ. ಆ ರೊಟ್ಟಿ ಪದರ ಪದರವಾಗಿ ಉದುರಿ, ಒಳಗಿನ ಚೀಸು ಬೆರಳಿಗೆಲ್ಲ ಮೆತ್ತಿಕೊಂಡಾಗ ಮನುಷ್ಯನಿಗೆ ಅಳಲು ಪುರುಸೊತ್ತಾಗುವುದಿಲ್ಲ ಎಂಬುದು ಅವನ ಅನುಭವ.

ಮೊದಲೆಲ್ಲ ಬಂದವರಿಗೆ ಒಂದು ಸ್ವಾಗತವಿರುತ್ತಿತ್ತು. ರಂಗೆಲ್‌ನ ಹೆಂಡತಿ ದೊನ್ಕಾ ಕ್ಲಬ್ಬಿನ ಜೆರ್ಸಿ ಒಗೆಯುತ್ತಿದ್ದಳು. ಬಸ್ಸು ಗೇಟಿಗೆ ಬಂತೆಂದರೆ ಕೈಯ ಸೋಪಿನ ನೊರೆ ಒರೆಸಿಕೊಂಡು, ತಾಮ್ರದ ಚೆಂಬಿನಲ್ಲಿ ನೀರು ತುಂಬಿ, ಅದರಲ್ಲೊಂದು ಹಸಿರು ರೆಂಬೆ ಇಟ್ಟು, ಕೋಚ್ ಕಾಲಿಡುವ ಜಾಗಕ್ಕೆ ಚೆಲ್ಲುತ್ತಿದ್ದಳು. ಮೊದಲ ದಿನ ಶಾಲೆಗೆ ಹೊರಟ ಮಗುವಿಗೆ ನಮ್ಮಲ್ಲಿ ಮಾಡುವ ಹಾಗೆಯೇ. ನೀರು ಹರಿದಂತೆ ಕೆಲಸ ಸಾಗಲಿ ಅಂತ. ಒಂದು ಸಲ ಕೈತಪ್ಪಿ ಸರ್ಬಿಯಾದವನೊಬ್ಬನ ಹೊಸ ಬೂಟಿನೊಳಕ್ಕೇ ಸುರಿದುಬಿಟ್ಟಳು. ಆ ವರ್ಷ ತಂಡ ಎಂದೂ ಏರದಷ್ಟು ಮೇಲೇರಿತು. ಅಲ್ಲಿಂದಾಚೆಗೆ ದೊನ್ಕಾ ಗುರಿಯಿಟ್ಟೇ ಬೂಟಿಗೆ ಚೆಲ್ಲತೊಡಗಿದಳು. ಬೈಯಲು ಬಾಯಿ ತೆರೆದ ಕೋಚುಗಳು ಅವಳ ನಗು ನೋಡಿ ಸುಮ್ಮನಾಗುತ್ತಿದ್ದರು. ಅವಳ ಹಿಂದೆ ಹಗ್ಗದ ಮೇಲೆ ಹಳದಿ ಜೆರ್ಸಿಗಳು ಡ್ಯಾನ್ಯೂಬಿನ ಗಾಳಿಗೆ ತೋಳು ಬೀಸುತ್ತಿದ್ದವು, ಆಟಗಾರರಿಲ್ಲದೆಯೇ ಪಂದ್ಯ ನಡೆದ ಹಾಗೆ.

ದೊನ್ಕಾ ತೀರಿಕೊಂಡ ಮೇಲೆ ಒಗೆಯಲು ಯಂತ್ರ ಬಂತು. ನೀರು ಚೆಲ್ಲಲು ಯಾರೂ ಬರಲಿಲ್ಲ.

ಈ ಮಾರ್ಚಿನಲ್ಲಿ ಹೋದವನು ಪೋರ್ಚುಗೀಸ್. ನಮ್ಮವರು ಹೂಂ ಅನ್ನಲು ತಲೆ ಅಡ್ಡಡ್ಡ ಆಡಿಸುವುದನ್ನು ಕಂಡು, ಆಟಗಾರರು ತನ್ನ ಒಂದು ಮಾತಿಗೂ ಒಪ್ಪುತ್ತಿಲ್ಲವೆಂದು ಕೊರಗಿ ಸೊರಗಿದ್ದ. ಅವನನ್ನು ಬಿಟ್ಟುಬಂದ ದಿನವೇ ಗ್ರಿಗೊರೊವ್ ರಂಗೆಲ್‌ನನ್ನು ಕರೆಸಿದ.

"ರಂಗೆಲಣ್ಣ, ಈ ಸಲ ಹೊರಗಿನೋರು ಸಾಕು. ನಮ್ಮ ಮೆತೋದಿಯನ್ನೇ ಕೋಚ್ ಮಾಡೋಣ ಅಂತಿದೀನಿ. ನಾನು ಕೇಳಿದ್ರೆ ದಾಕ್ಷಿಣ್ಯಕ್ಕೆ ಬೀಳ್ತಾನೆ. ನೀನು ಗೆಳೆಯ, ಒಂದು ಮಾತು ಕೇಳಿ ನೋಡು."

ರಂಗೆಲ್, ಕೇಳಿ ನೋಡ್ತೀನಿ ಎಂದು ಹೊರಬಂದ.

ಮೆತೋದಿ ಅವನ ಬಾಲ್ಯದ ಗೆಳೆಯ, ತಂಡದ ಹಳೇ ಕ್ಯಾಪ್ಟನ್. ರಾಜಧಾನಿಯ ದೊಡ್ಡ ತಂಡದ ವಿರುದ್ಧ ಸುರಿಯುವ ಮಳೆಯಲ್ಲಿ ಕೆಸರಿಗೆ ಹಾರಿ ತಲೆ ಕೊಟ್ಟು ಗೋಲು ಹೊಡೆದವನು. ಮೊಣಕಾಲು ಕೈಕೊಟ್ಟ ಮೇಲೆ ಕೋಚಿನ ಪರೀಕ್ಷೆ ಪಾಸು ಮಾಡಿ, ಮೈದಾನದ ಹಿಂಭಾಗದಲ್ಲಿ ಮಕ್ಕಳಿಗೆ ಆಟ ಕಲಿಸಿಕೊಂಡಿದ್ದಾನೆ. ಇವತ್ತಿಗೂ ಅವನು ಕಾಫಿ ಕುಡಿದೆದ್ದರೆ ಪಕ್ಕದ ಮೇಜಿನವನು ದುಡ್ಡು ಕೊಟ್ಟಾಗಿರುತ್ತದೆ. ಕ್ಷೌರದವನು ಆ ಗೋಲಿನ ವರ್ಣನೆಯಲ್ಲಿ ಮೈಮರೆತು ಅವನ ಕಿವಿಗೆ ಕತ್ತರಿ ತಾಗಿಸಿದರೂ ನಗುತ್ತಾನೆ.

ಅಂಥವನನ್ನು ಆ ಕುರ್ಚಿಯಲ್ಲಿ ಕೂರಿಸಿದರೆ? ನಾಲ್ಕು ಪಂದ್ಯ ಸೋತರೆ ಸಾಕು, ನಮ್ಮ ಬಾಯಿ ಗೊತ್ತಲ್ಲ. ಹೊರಗಿನವನಾದರೆ ಬೈಸಿಕೊಂಡು ವಿಮಾನ ಹತ್ತುತ್ತಾನೆ. ಮೆತೋದಿಯ ಮನೆ ಇರುವುದೇ ಮೈದಾನದ ಎದುರು. ಅವನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಎಲ್ಲಿ ಬಿಟ್ಟುಬರುವುದು? ಬೈದವರ ನಡುವೆಯೇ ರೊಟ್ಟಿ ಕೊಳ್ಳಬೇಕು, ಬೈದವನ ಕತ್ತರಿಗೇ ತಲೆ ಕೊಡಬೇಕು.

ರಂಗೆಲ್ ಗೆಳೆಯನ ಮನೆ ಕಡೆ ಸುಳಿಯಲೇ ಇಲ್ಲ. ಮರುದಿನ ಅಧ್ಯಕ್ಷನ ಮುಂದೆ ನಿಂತು, "ಮೊಣಕಾಲು ನೋವಂತೆ, ಆಗಲ್ಲ ಅಂದ" ಎಂದುಬಿಟ್ಟ.

"ಅಯ್ಯೋ! ಸರಿ ಬಿಡು. ಒಬ್ಬ ಗ್ರೀಕಿನವನ ಹತ್ರ ಮಾತಾಡ್ತೀನಿ. ಸೋಮವಾರ ಬಸ್ ರೆಡಿ ಇಟ್ಕೋ."

ಭಾನುವಾರ ಎಂದಿನಂತೆ ಗೆಳೆಯರಿಬ್ಬರೂ ರಂಗೆಲ್‌ನ ದೋಣಿಯಲ್ಲಿ ಗಾಳ ಹಾಕಿ ಕೂತಿದ್ದರು. ನದಿ ಉಕ್ಕಿ ದಂಡೆಯ ವಿಲೋ ಮರಗಳ ಸೊಂಟ ಮುಟ್ಟಿತ್ತು. ಮೆತೋದಿ, ಆ ಮಳೆಯ ಪಂದ್ಯ ಮುಗಿದ ಮೇಲೆ ದೊನ್ಕಾ ತನಗೆ ಮಾಡಿದ ಮಂಗಳಾರತಿ ನೆನೆಸಿಕೊಂಡು ನಕ್ಕ. ಊರೆಲ್ಲ ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರೆ ಅವಳೊಬ್ಬಳು, "ಇಷ್ಟು ಕೆಸರು ಯಾವನಪ್ಪ ಒಗೀತಾನೋ? ನಿಂತ್ಕೊಂಡು ಹೊಡೆಯೋಕೆ ಬರಲ್ವೇನೋ ಗೋಲು?" ಅಂದಿದ್ದಳು. ರಂಗೆಲ್ ಕೂಡ ನಕ್ಕ.

"ಈಗ ಯಾರನ್ನ ತರ್ತಾರಂತೆ?" ಮೆತೋದಿ ಕೇಳಿದ.

"ಯಾರೋ ಗ್ರೀಕಿನವನು."

ಮೆತೋದಿ ಗಾಳ ಎತ್ತಿ, ಹುಳ ಇನ್ನೂ ಇರುವುದನ್ನು ನೋಡಿ, ಮತ್ತೆ ಬಿಟ್ಟ. "ಸರ್ಬಿಯಾದವನನ್ನ ಕೇಳಿದ್ರು, ಉಕ್ರೇನಿನವನನ್ನ ಕೇಳಿದ್ರು. ಒಂದು ಸಲ ಆ ವಾಲಿಬಾಲ್ ಮೇಷ್ಟ್ರನ್ನೂ ಕೇಳಿದ್ರು ಕಣೋ! ಎಲ್ಲ ನನ್ನ ಮನೆ ಮುಂದೇನೇ ಓಡಾಡ್ತಾರೆ. ಒಬ್ಬನೂ ಬಾಗಿಲು ತಟ್ಟಲಿಲ್ಲ."

"ತಟ್ಟಿದ್ರೆ?"

"ಮನೆ ಚಪ್ಪಲಿಲೇ ಓಡ್ತಿದ್ದೆ."

"ಬೈತಾರೋ ಮೆತೋದಿ. ನಮ್ಮೂರೋರ ಬಾಯಿ ನಿನಗೆ ಗೊತ್ತಿಲ್ವಾ?"

"ಬೈಲಿ ಬಿಡು. ಅದೇ ಒಂದು ಗೋಲಿಗೆ ಇಷ್ಟು ವರ್ಷದಿಂದ ಕಾಫಿ ಕುಡಿಸ್ತಾನೇ ಇದಾರೆ, ಸಮಾಧಿಗೆ ಹೂವಿಟ್ಟ ಹಾಗೆ. ಬೈಸ್ಕೋಬೇಕು ಅಂದ್ರೆ ಬದುಕಿರ್ಬೇಕಲ್ವೇನೋ?"

ರಂಗೆಲ್ ಗಾಳ ಮೇಲೆಳೆದು ದೋಣಿಯೊಳಗಿಟ್ಟ.

"ಬಾಗಿಲು ತಟ್ಟು ಅಂತ ಕಳಿಸಿದ್ರು," ಎಂದ. "ನನ್ನನ್ನ."

ಮೆತೋದಿಗೆ ಅರ್ಥವಾಗಲು ಕೊಂಚ ಸಮಯ ಹಿಡಿಯಿತು. ಅರ್ಥವಾದ ಮೇಲೆ ಮುಖ ಕೆಂಪಾಯಿತು. "ನೀನೇನಂದೆ?"

"ನಿನಗೆ ಮೊಣಕಾಲು ನೋವು ಅಂದೆ. ನಿನ್ನನ್ನ ಕೊನೇ ಸೀಟಲ್ಲಿ ನೋಡೋಕೆ ನನ್ ಕೈಲಿ ಆಗ್ತಿರ್ಲಿಲ್ಲ ಕಣೋ."

"ಕತ್ತೆ," ಎಂದ ಮೆತೋದಿ. ಆಮೇಲೆ ಇನ್ನಷ್ಟು ಪ್ರಾಣಿಗಳ ಹೆಸರು ಬಂದವು. ಎಲ್ಲ ಮುಗಿದ ಮೇಲೆ, "ದೋಣಿ ತಿರುಗಿಸು," ಅಂದ.

ಗ್ರಿಗೊರೊವ್ ಮನೆಯಲ್ಲಿ ಊಟಕ್ಕೆ ಕೂತಿದ್ದ. ರಂಗೆಲ್ ಬಾಗಿಲಲ್ಲೇ ನಿಂತು ಎಲ್ಲ ಒಪ್ಪಿಸಿದ. ಅಧ್ಯಕ್ಷ ಸೂಪಿನ ಚಮಚ ಕೈಯಲ್ಲಿ ಹಿಡಿದೇ ಅಷ್ಟೂ ಕೇಳಿದ.

"ಡ್ರೈವರು ಕೋಚ್ ಆರಿಸೋ ಊರು ಭೂಮಿ ಮೇಲೆ ಇದೊಂದೇ ಇರ್ಬೇಕು," ಎಂದು ಗೊಣಗಿದ. ಆದರೆ ಗ್ರೀಕಿನವನು ಇನ್ನೂ ಫೋನೇ ಎತ್ತಿರಲಿಲ್ಲ. "ಹೋಗು, ನಾಳೆ ಅವನನ್ನೇ ಕರ್ಕೊಂಡ್ ಬಾ."

ಸೋಮವಾರ ಬೆಳಗ್ಗೆ ಬಸ್ಸು ಮೆತೋದಿಯ ಮನೆ ಮುಂದೆ ನಿಂತು ಹಾರ್ನ್ ಬಾರಿಸಿತು.

"ಎದುರಿಗೇ ಮೈದಾನ. ಇದಕ್ಕೆ ಬಸ್ಸಾ?"

"ಹೊಸ ಕೋಚ್ ನಡ್ಕೊಂಡು ಬಂದ್ರೆ ನಾನ್ಯಾಕಿರೋದು? ಹತ್ತು."

ಮೆತೋದಿ ಮುಂದಿನ ಸೀಟಿನಲ್ಲಿ ಕೂತು, ಟೈ ಸರಿಮಾಡಿಕೊಂಡು, "ಊರು ಹೇಗಪ್ಪಾ ಡ್ರೈವರೇ?" ಎಂದ.

"ಊರು ಒಳ್ಳೇದೇ. ಬಾಯಿ ಸ್ವಲ್ಪ ಜಾಸ್ತಿ."

ಗೇಟಿನಲ್ಲಿ ರಂಗೆಲ್ ಮೊದಲು ಇಳಿದು ಸೀಟಿನ ಕೆಳಗಿಂದ ತಾಮ್ರದ ಚೆಂಬು ತೆಗೆದ. ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದರೂ ಕಂಠದಲ್ಲಿ ಹಸಿರು ಕಿಲುಬು ಉಳಿದಿತ್ತು. ಒಗೆಯುವ ಕೋಣೆಯ ಪಕ್ಕ ದೊನ್ಕಾ ನೆಟ್ಟ ಗಿಡ ಇನ್ನೂ ಇತ್ತು; ಒಂದು ರೆಂಬೆ ಮುರಿದು ಚೆಂಬಿಗಿಟ್ಟ. ನೆಲಕ್ಕೆ ಚೆಲ್ಲಬೇಕೆಂದೇ ಇದ್ದ. ಕೈತಪ್ಪಿ ಅಷ್ಟೂ ನೀರು ಮೆತೋದಿಯ ಬೂಟಿಗೆ ಬಿತ್ತು.

ಇಬ್ಬರೂ ಬೂಟನ್ನೇ ನೋಡುತ್ತ ನಿಂತರು. ಒಗೆಯುವ ಕೋಣೆಯ ಕಡೆ ಮಾತ್ರ ಯಾರೂ ನೋಡಲಿಲ್ಲ.

"ಕೆಲಸದಿಂದ ತೆಗೆದ ದಿನ ಎಲ್ಲಿಗೆ ಬಿಡ್ತೀಯೋ ನನ್ನ?" ಮೆತೋದಿ ಮೆಲ್ಲಗೆ ಕೇಳಿದ.

"ನದಿಗೆ. ದಾರೀಲಿ ಬನಿತ್ಸ ಕೊಡಿಸ್ತೀನಿ."

ಮೆತೋದಿ ಒದ್ದೆ ಬೂಟಿನಲ್ಲಿ ಪಚಕ್ ಪಚಕ್ಕೆನ್ನುತ್ತ ಒಳನಡೆದ. ಮಿಲ್ಲಿಗೆ ತಡವಾಗುತ್ತಿದ್ದರೂ ಬೇಲಿಗೆ ಜೋತುಬಿದ್ದಿದ್ದ ನಮ್ಮ ಪೈಕಿ ಒಬ್ಬ ಆಗಲೇ ಕೂಗಿದ: "ಏಯ್ ಮೆತೋದಿ, ಶನಿವಾರ ಸೋತ್ರೆ ನಿನ್ನ ಗ್ರಹಚಾರ ಬಿಡಿಸ್ತೀವಿ!"

ರಂಗೆಲ್ ಖಾಲಿ ಚೆಂಬು ಹಿಡಿದು ಬೇಲಿಯ ಕಡೆ ಗುರಾಯಿಸಿದ. ಮೆತೋದಿ ಮಾತ್ರ ತಿರುಗಿ, ಬಹಳ ವರ್ಷಗಳ ಮೇಲೆ ಮನೆಯಿಂದ ಕಾಗದ ಬಂದವನ ಹಾಗೆ ಮುಖವರಳಿಸಿ ಕೈ ಬೀಸಿದ.