ಶಾಂಘೈದ ಎದುರುಮನಿ

ತುಂಬಿ ಹೋಗಬೇಕು, ಖಾಲಿ ಬರಬಾರದು, ಏನದು? ನಿಮಗ ಬರೂದಿಲ್ಲ ಬಿಡ್ರಿ. ನಮ್ಮಕ್ಕನ ಸ್ಟೀಲ್ ಡಬ್ಬಿ.

ಬನಹಟ್ಟಿಯ ನಮ್ಮಕ್ಕ ಶಾಂಘೈದ ಇಂಟರ್‌ನ್ಯಾಷನಲ್ ಸಾಲ್ಯಾಗ ಗಣಿತ ಟೀಚರ್. ಹತ್ತನೇತ್ತೆ ನಪಾಸಾದ ನಾನು ಆಕಿ ಮನಿಗೆ ಹೋಗಿದ್ದೆ. ಕಾಲನಿ ತುಂಬ ಪರದೇಶದವರು. ನೌಕರಿ ಮುಗೀತಂದ್ರ ಊರು ಬಿಡತಾರ. ಅಕ್ಕನ ಜೋಡಿ ಮಾತಾಡಾಕಿ ಎದುರುಮನಿಯ ಬ್ರೆಜಿಲ್ ಹೆಣಮಗಳು ಒಬ್ಬಾಕಿನ. ಆಕಿಗೆ ಅಕ್ಕ ಡಬ್ಬಿ ತುಂಬ ಶೇಂಗಾ ಹೋಳಿಗಿ ಕೊಟ್ಟಿದ್ದಳು.

ಒಂದಿನ ಆ ಡಬ್ಬಿ ನಮ್ಮ ಬಾಗಲದಾಗ ಇತ್ತು. ತೊಳೆದು, ಒರೆಸಿ, ಖಾಲಿ. ಎದುರುಮನಿಗೆ ಕೀಲಿ.

"ಯಕ್ಕಾ, ಹೋಳಿಗ್ಯಾಗ ಉಪ್ಪು ಹಾಕಿದ್ದೇನ?" ಅಂತ ಚ್ಯಾಷ್ಟಿ ಮಾಡಿದೆ.

"ಸುಮ್ನಿರಲೇ! ನಮ್ಮೂರಾಗಾದ್ರ ಚಿಮಟಿ ಸಕ್ಕರಿನಾದ್ರೂ ಹಾಕಿ ಕೊಡತಾರ. ಖಾಲಿ ಕೊಟ್ರ ಸಂಬಂಧ ಮುಗೀತಂತ. ಹೋಗತೇನಂತ ಹೇಳಲೂ ಇಲ್ಲ," ಅಂತ ಅಕ್ಕ ಅಳಾಕತ್ತಳು.

ಅಷ್ಟರಾಗ ಲಿಫ್ಟಿನಿಂದ ಎದುರುಮನಿಯಾಕಿ ಓಡಿ ಬಂದು ಡಬ್ಬಿ ತುಂಬ ಚಾಕಲೇಟ್ ಸುರುವಿದಳು.

ಆಕಿ ಬಂದದ್ದು, ಈ ಚಾಕಲೇಟ್, ಎಲ್ಲಾ ನಾ ಕಟ್ಟಿದ ಸುಳ್ಳರಿ. ಲಿಫ್ಟಿನಿಂದ ಖರೇ ಬಂದಾಂವ, ಖಾಲಿಯಾದ ಎದುರುಮನಿಗೆ ಬಣ್ಣ ಹಚ್ಚಾಂವ.