‘ಫೇ’ ಎಂದು ಬರೆದ ದಿನ

ತ್ರ್ಯಂಬಕ ಮಾಸ್ತರರು ನಕ್ಕದ್ದನ್ನು ಕಂಡವರು ಧಾರವಾಡದಲ್ಲಿ ಯಾರೂ ಇರಲಿಲ್ಲ. ಹೆಂಡತಿ ನಿರುಪಮಾಳೇ ಕಂಡಿರಲಿಲ್ಲವೆಂದ ಮೇಲೆ ಊರವರ ಮಾತೇನು! ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಈ ಮನುಷ್ಯ, ಬಳಕೆ ತಪ್ಪಿದ ಇಂಗ್ಲಿಷ್ ಶಬ್ದಗಳ ಮೇಲೆ ತೋರಿಸಿದ ಅಕ್ಕರೆಯಲ್ಲಿ ಕಾಲುಭಾಗ ಆಕೆಗೆ ತೋರಿಸಿದ್ದರೂ ಸಾಕಿತ್ತು. ದಿನಾ ಬೆಳಿಗ್ಗೆ ಕಾಂಪೌಂಡಿನ ಕರಿಹಲಗೆಯ ಮೇಲೆ ಅಂಥದೊಂದು ಶಬ್ದವನ್ನು ಅರ್ಥಸಹಿತ ಬರೆಯುವರು. ವಾಕಿಂಗಿಗೆ ಹೊರಟವರು ನಿಂತು ಓದಿಕೊಂಡು ಹೋಗುವರು.

ಆ ಗುರುವಾರ ಬರೆದದ್ದು ‘ಫೇ’ (fey). ಗುಣವಾಚಕ. ಸಾವು ನಿಶ್ಚಯವಾದವನು ಎಂದು ಮೂಲ ಅರ್ಥ. ಯುದ್ಧಕ್ಕೆ ಹೋಗಿ ಮರಳದವರ ಬಗ್ಗೆ ಆಡುತ್ತಿದ್ದ ಮಾತು. ಆಮೇಲೆ ಸ್ಕಾಟ್ಲೆಂಡಿನವರು ಅದಕ್ಕೊಂದು ಲಕ್ಷಣ ಕಂಡರು: ಸದಾ ಮುಖ ಗಂಟಿಕ್ಕಿಕೊಂಡವನು ಕಾರಣವಿಲ್ಲದೆ ಹಿಗ್ಗಿದರೆ ಅವನ ದಿನ ತುಂಬಿತೆಂದೇ ಲೆಕ್ಕ. ಕಿನ್ನರಿಯರ ಕಥೆಗಳ ಜೊತೆ ಬೆರೆತು ಶಬ್ದ ಈಗ ಮೆತ್ತಗಾಗಿದೆ, ಹಳೆಯ ಅರ್ಥ ಸತ್ತಿದೆ. ತುಳಸಿಗೆ ನೀರು ಹಾಕುತ್ತ ನಿರುಪಮಾ ಇದನ್ನು ಓದಿದಳು. ಬೆಳ್ಳಂಬೆಳಿಗ್ಗೆ ಇದೆಂಥ ಅಪಶಕುನವೆಂದು ಸಿಟ್ಟು ಬಂತು.

ಸಂಜೆ ಹುಬ್ಬಳ್ಳಿಯಿಂದ ಮರಳಿದ ಮಾಸ್ತರರು ಗೇಟಿನಿಂದಲೇ ನಗುತ್ತ ಬಂದರು.

“ದುರ್ಗದಬೈಲ್‌ನ್ಯಾಗ ಆಕಳೊಂದು ನನ್ನ ಚೀಲಕ್ಕ ಬಾಯಿ ಹಾಕಿ ಕೊತ್ತಂಬರಿ ತಿಂತು. ನಾ ಅದಕ್ಕ ಇಂಗ್ಲಿಷಿನ್ಯಾಗ ಬೈದೆ! ಪ್ಯಾಟಿ ಮಂದಿ ಎಲ್ಲಾ ನಿಂತು ನೋಡಿದ್ರು!”

ಜೋಕಾಲಿಯ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಿರುಪಮಾಳಿಗೆ ಬೆಳಗಿನ ಶಬ್ದ ನೆನಪಾಯಿತು. ಮದುವೆಯಾದಾಗಿನಿಂದ ಕಾದ ನಗು. ಇವತ್ತೇ ಬರಬೇಕಿತ್ತೇ?

“ನಗಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಮುಂಜಾನೆ ಏನು ಬರದೀರಿ, ನೆನಪದನೋ ಇಲ್ಲೋ?”

“ನೆನಪದ.” ಮಾಸ್ತರರು ಕಣ್ಣೊರೆಸಿಕೊಂಡರು. “ನಿನ್ನೆಯಿಂದ ಎದ್ಯಾಗ ಏನೋ ಹಗುರ ಆಗೇದ, ನಿರುಪಮಾ. ಸುಮ್ಮಸುಮ್ಮನ ನಗು ಬರ್ಲಿಕ್ಕತ್ತದ. ಹಿಂಗ ನನಗ ಎಂದೂ ಆಗಿಲ್ಲ. ಅದಕ್ಕ ಆ ಶಬ್ದ ಹುಡುಕಿ ಬರದೆ.”

“ಏಳ್ರಿ, ಡಾಕ್ಟರ ಕಡೆ ಹೋಗೋಣು.”

“ಹೋಗಿ ಏನಂತ ಹೇಳ್ತೀ? ಗಂಡ ನಗ್ಲಿಕ್ಕತ್ತಾನ ಅಂತ?” ಮತ್ತೆ ನಗು.

ಹೊರಗೆ ಹಲಗೆ ಕಾಣುತ್ತಿತ್ತು. ಅಳಿಸಿ ಬರಲೇ ಎಂದುಕೊಂಡಳು. ಅಳಿಸಿದರೆ ಆಗುವುದಾದರೂ ಏನು? ಹೋಗಿ ಗಂಡನ ಪಕ್ಕದಲ್ಲಿ ಕುಳಿತಳು. ನಾಡಿ ಬೆರಳಿಗೆ ಸಿಗುವ ಹಾಗೆ ಅವರ ಮಣಿಕಟ್ಟು ಹಿಡಿದುಕೊಂಡಳು.

“ಇನ್ನೊಮ್ಮೆ ಹೇಳ್ರಿ,” ಎಂದಳು. “ಆಕಳು ಏನು ತಿಂತು?”

ಅವರು ಹೇಳಿದರು. ಆಕೆಯೂ ನಕ್ಕಳು. ಬೆರಳು ಮಾತ್ರ ತೆಗೆಯಲಿಲ್ಲ.