ಅಪ್ಪನ ಕಾರಿಗೆ ಹೊರಗಿನ ಕಾರ್ಬುರೇಟರ್

ಅಪ್ಪ ತೀರಿಕೊಂಡ ಮೇಲೆ ಅವರ ಹಳೇ ಕಾರನ್ನು ನಾನು ಓಡಿಸತೊಡಗಿದೆ. ಏರು ಬಂದರೆ ಅದು ನಿಂತೇಬಿಡುತ್ತಿತ್ತು. ನಜರ್‌ಬಾದಿನ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ನೋಡಿ, "ಸವೆದೋಗಿದೆ ಕಣಮ್ಮ. ಒರಿಜಿನಲ್ ಈಗ ಸಿಗಲ್ಲ, ಬೇರೆಯವರು ಮಾಡಿದ್ದು ಹಾಕ್ಬೇಕು" ಅಂದರು.

ಹೊರಗಿನ ಒಂದು ಬೋಲ್ಟನ್ನೂ ಅಪ್ಪ ಆ ಕಾರಿಗೆ ಹಾಕಿಸಿದವರಲ್ಲ. ಎರಡು ವಾರ ಯೋಚಿಸಿ, ಅಳುಕುತ್ತಲೇ ಒಪ್ಪಿಕೊಂಡೆ. ಹೊಸದರ ತೂತುಗಳು ಹಳೇ ಎಂಜಿನ್ನಿಗೆ ಹೊಂದಲಿಲ್ಲ. ಮೆಕ್ಯಾನಿಕ್ ಮೇಟಗಳ್ಳಿಯ ಲೇತ್ ಅಂಗಡಿಯಲ್ಲಿ ಒಂದು ಪ್ಲೇಟ್ ಮಾಡಿಸಿ ತಂದು, ಎರಡರ ನಡುವೆ ಕೂರಿಸಿದರು.

ಅಮ್ಮನನ್ನು ಕರೆದುಕೊಂಡು ಇಲವಾಲದವರೆಗೆ ಹೋದೆ. ಕಾರು ಎಲ್ಲೂ ನಿಲ್ಲಲಿಲ್ಲ.

"ಸದ್ದೇ ಬೇರೆ ಆಯ್ತಲ್ಲಮ್ಮ" ಅಂದೆ.

ಅಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಆಗ್ಲಿ ಬುಡು. ಇದು ನಿಂತಾಗೆಲ್ಲ ನಿಮ್ಮಪ್ಪ ಸ್ಟೀರಿಂಗ್ ಹಿಡ್ಕೊಂಡು ಕೂತಿರೋರು, ಇಳಿದು ತಳ್ತಿದ್ದೋಳು ನಾನು."

ಅದುವರೆಗೆ ನನಗೆ ಅಪ್ಪನ ನಿಷ್ಠೆಯಷ್ಟೇ ಕಂಡಿತ್ತು.